ಕೊಂಡವನ ಪಾಲು

ಹಳೇ ಫೋನು ಬೇಕೆಂದರೆ ಹೈದರಾಬಾದಿನಲ್ಲಿ ಅಬಿಡ್ಸಿನ ಜಗದೀಶ್ ಮಾರ್ಕೆಟ್ಟಿನ ಹೆಸರು ಹೇಳುವುದು ರೂಢಿ. ಅಲ್ಲಿ ಕೊನೇಪಕ್ಷ ಅಂಗಡಿ, ಗಲ್ಲಾ, ಕೂತ ಮನುಷ್ಯ ಇರುತ್ತಾನೆ. ಈಗಿನ ವ್ಯಾಪಾರ ಬೇರೆ. ವಾಟ್ಸಾಪ್ ಗುಂಪಿನಲ್ಲಿ ಫೋಟೋ, ಮೆಟ್ರೋ ಸ್ಟೇಷನ್ನಿನ ಕೆಳಗೆ ಭೇಟಿ, ಯುಪಿಐ, ಮುಗಿಯಿತು. ಬಿಲ್ಲು ಕೇಳಿದರೆ "ಕಳೆದುಹೋಗಿದೆ."

ಹೀಗೆ ಕೊಂಡ ಫೋನನ್ನು ಪೊಲೀಸರಿಗೆ ಒಪ್ಪಿಸಬೇಕಾಗಿ ಬಂದ ಕಲಬುರಗಿಯ ಹುಡುಗನೊಬ್ಬ ನಮ್ಮ ಟೀಮಿನಲ್ಲಿದ್ದಾನೆ. ಅವನ ಪ್ರಶ್ನೆ ಇಷ್ಟೇ: "ಸರ್, ನಾ ರೊಕ್ಕ ಕೊಟ್ಟು ತಗೊಂಡೀನಿ. ಕಳುವಿನ ಮಾಲಂತ ನನಗ ಹ್ಯಾಂಗ ಗೊತ್ತಾಗ್ಬೇಕ್ರಿ?"

ಕಾನೂನು ಅರ್ಧ ಉತ್ತರ ಕೊಡುತ್ತದೆ. ಕದ್ದವನಿಗಿಲ್ಲದ ಹಕ್ಕು ಅವನಿಂದ ಕೊಂಡವನಿಗೂ ಬರುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ತಿರುಳು ಅದು. ಕಳುವಿನದೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು. ಆದರೆ 'ನಂಬಲು ಕಾರಣ' ಅಂದರೇನು?

ಇದಕ್ಕೊಂದು ಹಳೆಯ ಉತ್ತರ ನಮ್ಮ ಕಡೆಯದೇ. ಮುಂಬೈ ಹೆದ್ದಾರಿಯಲ್ಲಿ ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ. ಒಡೆಯನಲ್ಲದವನು ಮಾರುವುದಕ್ಕೆ ಅದರಲ್ಲಿ ಪ್ರತ್ಯೇಕ ಪ್ರಕರಣವೇ ಇದೆ, ಅಸ್ವಾಮಿವಿಕ್ರಯ. ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರಾ ಕಡಿಮೆ ಬೆಲೆಗೆ, ಆ ವಸ್ತು ಗಳಿಸುವ ದಾರಿಯಿಲ್ಲದವನಿಂದ ಕೊಂಡರೆ ಕೊಂಡವನೂ ಕಳ್ಳನೇ. ಮಾರಿದವನನ್ನು ತೋರಿಸಿಕೊಟ್ಟರೆ ಕೊಂಡವನು ಪಾರು. ಒಡೆಯನಿಗೆ ವಸ್ತು, ಕೊಂಡವನಿಗೆ ಕೊಟ್ಟ ಹಣ. ನಮ್ಮ ಹುಡುಗನ ಬಳಿ ತೋರಿಸಲು ಇದ್ದದ್ದು ಸ್ವಿಚ್ ಆಫ್ ಆದ ಒಂದು ನಂಬರ್!

ಮೊದಲ ಮೂರು ಗುರುತು ಇವತ್ತಿಗೂ ಸರಿ. ಅರ್ಧ ಬೆಲೆಯೂ ಒಂದು ಮಾಹಿತಿಯೇ. ಜೊತೆಗೆ *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ, ಅದನ್ನು ಸಂಚಾರ್ ಸಾಥಿಯಲ್ಲಿ ಹಾಕಿ ನೋಡಬಹುದು. (ಒಡೆಯ ಇನ್ನೂ ದೂರು ಕೊಟ್ಟಿರದಿದ್ದರೆ ಅಲ್ಲೂ ಸಿಗುವುದಿಲ್ಲ.) ಎರಡು ನಿಮಿಷದ ಕೆಲಸ ಬಿಟ್ಟು "ಗೊತ್ತಿರಲಿಲ್ಲ" ಎನ್ನುವುದನ್ನು ಪೂರ್ತಿ ಅಜ್ಞಾನ ಎಂದು ಒಪ್ಪಲು ನನಗೆ ಕಷ್ಟ. ತಿಳಿಯದಿರುವುದು ಬೇರೆ, ತಿಳಿಯಲು ಒಲ್ಲದಿರುವುದು ಬೇರೆ.

ನನ್ನ ತಕರಾರು ನಾಲ್ಕನೆಯ ಗುರುತಿನ ಬಗ್ಗೆ. ಗಳಿಸುವ ದಾರಿಯಿಲ್ಲದವನು ಎಂಬುದನ್ನು ನಾವು ಬಡವ ಎಂದು ಓದಿಕೊಳ್ಳುತ್ತೇವೆ. ಡೆಲಿವರಿ ಹುಡುಗ ಒಳ್ಳೇ ಫೋನು ಮಾರಲು ಬಂದರೆ ಅನುಮಾನ. ಅವನು ಕಂತು ಕಟ್ಟಿ ಕೊಂಡು, ಈಗ ಮನೆಯ ಕಷ್ಟಕ್ಕೆ ಮಾರುತ್ತಿರಬಹುದು. ಇತ್ತ ಕೊಂಡಾಪುರದ ಫ್ಲ್ಯಾಟಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿ, ಕಾಫಿ ಕೊಟ್ಟು ಲ್ಯಾಪ್‌ಟಾಪ್ ಮಾರುವವರನ್ನು ಏನೂ ಕೇಳುವುದಿಲ್ಲ. ಕೆಲಸ ಬಿಡುವಾಗ ಕಂಪನಿಯ ಲ್ಯಾಪ್‌ಟಾಪ್ ಹಿಂದಿರುಗಿಸದವರು ನಮ್ಮ ವೃತ್ತಿಯಲ್ಲೇ ಇದ್ದಾರೆ. ಅಡಿಯಲ್ಲಿ ಸ್ಟಿಕ್ಕರ್ ಕಿತ್ತ ಚೌಕಾಕಾರದ ಕಲೆ, ಬಯೋಸ್‌ಗೆ ಯಾರದೋ ಪಾಸ್‌ವರ್ಡು. ಕಂಡರೂ, "ಬಿಲ್ಲಿದೆಯಾ ಸರ್?" ಎಂದು ಅವರನ್ನು ಕೇಳಲು ನಮಗೆ ಮಹಾ ಸಂಕೋಚ. ಡೆಲಿವರಿ ಹುಡುಗನನ್ನು ಕೇಳುವಾಗ "ಸರ್" ಕೂಡ ಇರುವುದಿಲ್ಲ.