ಮರಳಿ ಕೊಡಲಾಗದವರ ಮನೆಗೆ

ಡಿಸೆಂಬರ್ ಅರ್ಧ ಕಳೆಯಿತೆಂದರೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಬಾಣಲೆ ಒಲೆಯಿಂದ ಇಳಿಯುವುದೇ ಅಪರೂಪ. ಕಿಡಿಯೊ, ಗುಳಿಯೊ, ನೆವ್ರಿ, ತುಕ್ಡಿ, ಲಾಡು, ಚಕ್ಕುಲಿ ಎಲ್ಲ ಕೂಡಿದರೆ ಅದು ಕ್ರಿಸ್‌ಮಸ್ ಹಬ್ಬದ ಕುಸ್ವಾರ್. ಮನೆಮಂದಿ ತಿನ್ನಲಿಕ್ಕಷ್ಟೇ ಆಗಿದ್ದರೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ರಾತ್ರಿ ಕುಳಿತು ಹಿಟ್ಟು ಹೊಸೆಯಬೇಕಾಗಿರಲಿಲ್ಲ. ಅದರಲ್ಲಿ ದೊಡ್ಡ ಪಾಲು ನೆರೆಮನೆಗಳಿಗೆ. ಬಟ್ಟೆ ಮುಚ್ಚಿದ ತಟ್ಟೆಗಳು ಹಿಂದೂಗಳ, ಮುಸ್ಲಿಮರ ಹೊಸ್ತಿಲು ದಾಟಿ ಒಳಗೆ ಹೋಗುತ್ತವೆ. ದೀಪಾವಳಿಗೆ, ಈದ್‌ಗೆ ಆ ಮನೆಗಳಿಂದ ಬಂದ ತಿಂಡಿಯ ನೆನಪು ಕೊಡುವವರ ಮನಸ್ಸಿನಲ್ಲಿರುತ್ತದೆ. ನೆರೆಯವರನ್ನು ಅನುಮಾನದಿಂದ ನೋಡಲು ಕಲಿಸುವ ಈ ಕಾಲದಲ್ಲಿ ಇದೇನೂ ಸಣ್ಣ ಸಂಗತಿಯಲ್ಲ. ಈ ಕೊಡುಕೊಳ್ಳುವಿಕೆ ನಿಲ್ಲದಿರಲಿ.

ಆದರೆ ಯಾರ ಜನನವನ್ನು ಈ ಹಬ್ಬ ಆಚರಿಸುತ್ತದೋ ಆ ಯೇಸುಸ್ವಾಮಿ ಇನ್ನೂ ಒಂದು ಹೆಜ್ಜೆ ಮುಂದೆ ಕರೆಯುತ್ತಾರೆ. ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಅವರು ಒಬ್ಬ ಫರಿಸಾಯ ಮುಖಂಡನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾರೆ. ಕರೆದ ಯಜಮಾನನಿಗೇ ಅವರು ಹೇಳುವ ಮಾತಿದು: ಔತಣ ಮಾಡುವಾಗ ನೆಂಟರನ್ನು, ಸಿರಿವಂತ ನೆರೆಯವರನ್ನು ಕರೆಯಬೇಡ, ಅವರು ನಿನ್ನನ್ನು ತಿರುಗಿ ಕರೆದಾರು. ಬಡವರನ್ನು, ಅಂಗವಿಕಲರನ್ನು, ಕುರುಡರನ್ನು ಕರೆ, ಅವರಿಗೆ ತಿರುಗಿ ಕೊಡಲು ಏನೂ ಇಲ್ಲ. ಉಣ್ಣಲು ಹೋದ ಮನೆಯಲ್ಲೇ ಹೀಗೆನ್ನಲು ಎಂಥ ಧೈರ್ಯ ಬೇಕು!

ಆ ಮಾತನ್ನು ಬದುಕಿದವರು ನಮ್ಮ ಕರಾವಳಿಯಲ್ಲೇ ಇದ್ದರು. ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡ ರೋಗಿಗಳಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆಂದು ಆಶ್ರಯ ಕಟ್ಟಿದರು. ಅಂಥವರನ್ನು ಸ್ವಂತ ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲವದು. ಆ ರೋಗಿಗಳಿಂದ ಅವರಿಗೆ ಮರಳಿ ಸಿಗುವಂಥದ್ದು ಏನಿತ್ತು? ಇವತ್ತು ಅದೇ ಊರಿನ ಬಂದರಿನಲ್ಲಿ, ಕಟ್ಟಡಗಳ ಸಾರುವೆಯ ಮೇಲೆ ದುಡಿಯಲು ಉತ್ತರ ಕರ್ನಾಟಕದಿಂದ, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರಿದ್ದಾರೆ. ಅವರ ತಗಡಿನ ಶೆಡ್ಡುಗಳಿಗೂ ಹಬ್ಬದ ತಟ್ಟೆ ಹೋಗಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ತಟ್ಟೆಯ ಜೊತೆ ಒಂದಿಷ್ಟು ಹೊತ್ತು ಕುಳಿತು ಮಾತಾಡುವವರೂ ಹೋಗಬೇಕು.

ಹೀಗೆ ಕೊಡುವ ಮನಸ್ಸು ಎಲ್ಲಿಂದ ಬರುತ್ತದೆ? ಉಳಿದದ್ದರಿಂದ ಅಲ್ಲ. ಸಂತ ಪೌಲರ ಪತ್ರಗಳಲ್ಲಿ ಮಕೆದೋನ್ಯದ ಸಭೆಗಳ ಸಂಗತಿ ಬರುತ್ತದೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲರು ಹಣ ಕೂಡಿಸುತ್ತಿದ್ದರು. ಮಕೆದೋನ್ಯದವರೋ ಸ್ವತಃ ಕಡುಬಡವರು, ಮೇಲಾಗಿ ಸಂಕಷ್ಟದಲ್ಲಿದ್ದವರು. ಆದರೂ ಆ ನೆರವಿನಲ್ಲಿ ತಮಗೂ ಪಾಲು ಬೇಕೆಂದು ಅವರೇ ಪೌಲರನ್ನು ಅಂಗಲಾಚಿದರು, ಶಕ್ತಿಮೀರಿ ಕೊಟ್ಟರು. ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲರು ಇದಕ್ಕೆ ಕಾರಣ ಹೇಳುತ್ತಾರೆ: ಶುಭಸಂದೇಶ ಹೊರಟದ್ದು ಯೆರೂಸಲೇಮಿನಿಂದ, ಅದನ್ನು ಪಡೆದವರ ಮೇಲೆ ಆ ಊರಿನ ಋಣವಿದೆ. ಕೃತಜ್ಞತೆ ಅಂದರೆ ಇದೇ ಎಂದು ನನಗೆ ಅನ್ನಿಸುತ್ತದೆ. ಅದು ಬಾಯಿಮಾತಿನ ಧನ್ಯವಾದದಲ್ಲಿ ಮುಗಿಯುವುದಿಲ್ಲ, ಹಸಿದವನೆಡೆಗೆ ಕಾಲು ನಡೆಸುತ್ತದೆ.

ಪೌಲರ ಕಾಲೂ ಹಾಗೆಯೇ ನಡೆಯಿತು. ರೋಮಿಗೆ, ಅಲ್ಲಿಂದ ಸ್ಪೇನಿಗೆ ಹೋಗುವ ಹಂಬಲ ಅವರಿಗಿತ್ತು. ಅದನ್ನು ಬದಿಗಿಟ್ಟು, ಯೆರೂಸಲೇಮಿನಲ್ಲಿ ಅಪಾಯ ಕಾದಿದೆಯೆಂದು ಗೊತ್ತಿದ್ದೂ, ಬಡವರ ಹಣ ತಲುಪಿಸಲು ಅಲ್ಲಿಗೇ ಹೊರಟರು. ಅಲ್ಲಿ ಬಂಧನಕ್ಕೊಳಗಾದರು. ಮುಂದೆ ರೋಮಿಗೆ ಹೋದದ್ದು ಕೈದಿಯಾಗಿ.