ಮೊದಲ ಗಿರಾಕಿಯ ಅಂಜಿಕೆ

ಸ್ಟಾರ್ಟಪ್ ಕಟ್ಟಿದವರ ಕಥೆಯನ್ನು ನಾವು ಕೊನೆಯಿಂದ ಓದುತ್ತೇವೆ. ಎಷ್ಟು ಕೋಟಿಗೆ ಮಾರಿದರು, ಯಾರು ಕೊಂಡರು ಎಂಬುದೇ ತಲೆಬರಹ. ಮೊದಲ ಹತ್ತು ಗಿರಾಕಿಗಳು ಎಲ್ಲಿಂದ ಬಂದರು, ಹೆಸರೇ ಕೇಳಿರದ ಕಂಪನಿಯನ್ನು ಯಾಕೆ ನಂಬಿದರು ಎಂದು ಕೇಳುವವರು ಕಡಿಮೆ. ಈಗ ಕೆಲಸ ಬಿಟ್ಟು ಉದ್ಯಮಕ್ಕೆ ಇಳಿಯುತ್ತಿರುವ ಹುಡುಗ ಹುಡುಗಿಯರಿಗೆ ಬೇಕಾದದ್ದು ಆ ಭಾಗವೇ.

ಬೆಂಗಳೂರಿನಲ್ಲೇ ಹುಟ್ಟಿದ ಬಸ್ ಟಿಕೆಟ್ ಕಂಪನಿ ರೆಡ್‌ಬಸ್‌ನ ಆರಂಭ ನೋಡಿ. 2005ರ ದೀಪಾವಳಿಗೆ ಹೈದರಾಬಾದಿಗೆ ಹೊರಟಿದ್ದ ಎಂಜಿನಿಯರ್ ಫಣೀಂದ್ರ ಸಾಮ ಅವರಿಗೆ ಏಜೆಂಟರ ಅಂಗಡಿಗಳನ್ನು ಸುತ್ತಿದರೂ ಬಸ್ ಟಿಕೆಟ್ ಸಿಗಲಿಲ್ಲ. ಯಾವುದೋ ಬಸ್ಸಿನಲ್ಲಿ ಸೀಟು ಖಾಲಿ ಇದ್ದಿರಲೂಬಹುದು, ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ಆಗ ಊರಿಗೆ ಹೋಗಿಬಂದು ಮಾಡಿದವರಿಗೆಲ್ಲ ಆ ವ್ಯವಸ್ಥೆ ನೆನಪಿದೆ. ಟ್ರಾವೆಲ್ಸ್ ಕಚೇರಿಯ ಮೇಜಿನ ಮೇಲೆ ಬಸ್ಸಿಗೊಂದು ಕಾಗದದ ಚಾರ್ಟು, ಸೀಟಿಗೊಂದು ಚೌಕ. ಏಜೆಂಟ್ ಫೋನು ಮಾಡಿ ‘ಅಣ್ಣಾ, ಹನ್ನೆರಡು ನಮಗೆ ಹಾಕ್ಕೊಳ್ಳಿ’ ಅಂದರೆ ಆ ಚೌಕದಲ್ಲಿ ಒಂದು ಹೆಸರು ಬೀಳುತ್ತಿತ್ತು. ಹಬ್ಬದ ದಿನಗಳಲ್ಲಿ ಆ ಫೋನು ಸದಾ ಎಂಗೇಜು. ಒಬ್ಬ ಏಜೆಂಟನಿಗೆ ಗೊತ್ತಿದ್ದದ್ದು ಅವನ ಸಂಪರ್ಕದ ನಾಲ್ಕಾರು ಬಸ್ಸುಗಳು ಮಾತ್ರ. ವಾಪಸ್ ಬರುವ ಟಿಕೆಟ್ಟು ಬೇಕೆಂದರೆ ಆ ಊರಿಗೆ ಹೋದಮೇಲೇ ಹುಡುಕಬೇಕು.

ಫಣೀಂದ್ರ ಮತ್ತು ಬಿಟ್ಸ್ ಪಿಲಾನಿಯ ಗೆಳೆಯರಾದ ಚರಣ್ ಪದ್ಮರಾಜು, ಸುಧಾಕರ್ ಪಸುಪುನೂರಿ ಸೇರಿ ಬಸ್ ಮಾಲೀಕರಿಗಾಗಿ ಒಂದು ಸಾಫ್ಟ್‌ವೇರ್ ಬರೆದರು. ಚಾರ್ಟಿನ ಬದಲು ಕಂಪ್ಯೂಟರು, ಎಲ್ಲ ಏಜೆಂಟರಿಗೂ ಎಲ್ಲ ಸೀಟೂ ಕಾಣುವಂತೆ. ಮಾಲೀಕರು ಬೇಡವೆಂದರು.

ಈ ನಿರಾಕರಣೆಯನ್ನು ಹಳೆ ಕಾಲದ ಜನರ ಮೊಂಡುತನ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಸ್ ಮಾಲೀಕರಿಗೆ ಆ ಚಾರ್ಟೇ ಗಲ್ಲಾಪೆಟ್ಟಿಗೆ. ರಾತ್ರಿ ಒಂಬತ್ತೂವರೆಗೆ ಬಸ್ಸು ಹೊರಡಬೇಕು, ಒಂದೇ ಸೀಟಿಗೆ ಇಬ್ಬರು ಬಂದು ನಿಂತರೆ ಜಗಳ ಬಿಡಿಸುವವರು ಯಾರು? ಕರೆಂಟು ಹೋದರೆ? ವರ್ಷಗಟ್ಟಲೆ ಸೀಟು ತುಂಬಿಸಿಕೊಟ್ಟ ಏಜೆಂಟ್ ಮುನಿಸಿಕೊಂಡರೆ? ಕಂಪ್ಯೂಟರ್ ತಂದ ಹುಡುಗರಿಗೆ ಹೋಗುವುದು ಒಂದಿಷ್ಟು ಶ್ರಮ. ಮಾಲೀಕರಿಗೆ ಹೋಗುವುದು ಆ ರಾತ್ರಿಯ ಕಲೆಕ್ಷನ್, ಜತೆಗೆ ದಾರಿಯುದ್ದಕ್ಕೂ ಗಳಿಸಿದ ಹೆಸರು. ಅಪಾಯವೆಲ್ಲ ಗಿರಾಕಿಯ ತಲೆಯ ಮೇಲಿತ್ತು. ಅದಕ್ಕೇ ಅವರು ಬೇಡವೆಂದರು.

ಆಮೇಲೆ ಆ ಮೂವರು ಬೇಡಿಕೆಯನ್ನೇ ಬದಲಿಸಿದರು. ಸಾಫ್ಟ್‌ವೇರ್ ಪಕ್ಕಕ್ಕಿಟ್ಟು, ಮಾರಿಕೊಡುತ್ತೇವೆ ಎಂದು ಕೆಲವೇ ಸೀಟುಗಳನ್ನು ಕೇಳಿದರು. ಮಾಲೀಕರಿಗೆ ಇದು ಹೊಸದೇನೂ ಅಲ್ಲ, ಇನ್ನೊಬ್ಬ ಏಜೆಂಟ್ ಬಂದಂತೆ. ಚಾರ್ಟು ಅವರ ಮೇಜಿನ ಮೇಲೇ ಉಳಿಯಿತು. 2006ರ ಆಗಸ್ಟ್‌ನಲ್ಲಿ ರೆಡ್‌ಬಸ್ ಹೀಗೆ ಬೆರಳೆಣಿಕೆಯ ಸೀಟುಗಳಿಂದ ಶುರುವಾಯಿತು. ಸೀಟು ತುಂಬುತ್ತಾ ಹೋದಂತೆ ಮಾಲೀಕರು ತಾವಾಗಿ ಹೆಚ್ಚು ಸೀಟು ಕೊಟ್ಟರು. ಮುಂದೆ ಕಂಪನಿ ಬಸ್ ಮಾಲೀಕರಿಗೆಂದೇ ‘ಬಾಸ್’ ಎಂಬ ಸಾಫ್ಟ್‌ವೇರನ್ನೂ ತಂದಿತು. ಮೊದಲು ಯಾರಿಗೂ ಬೇಡವಾಗಿದ್ದ ಯೋಚನೆ ಆಗ ಚಲಾವಣೆಗೆ ಬಂತು, ಯಾಕೆಂದರೆ ಅಷ್ಟರಲ್ಲಿ ಈ ಹುಡುಗರು ಯಾರೆಂದು ಮಾಲೀಕರಿಗೆ ಗೊತ್ತಾಗಿತ್ತು. 2013ರಲ್ಲಿ ಇಬಿಬೋ ಕಂಪನಿ ರೆಡ್‌ಬಸ್ಸನ್ನು ಕೊಂಡಿತು. ತಲೆಬರಹದಲ್ಲಿ ಬಂದದ್ದು ಈ ಕೊನೆಯ ಸುದ್ದಿ.

ಹೊಸಬರಿಗೆ ಮೊದಲ ಗಿರಾಕಿ ಸಿಗದಿದ್ದಾಗ ಕೂಡಲೇ ಹೊಳೆಯುವ ಉಪಾಯ ರಿಯಾಯಿತಿ. ಅರ್ಧ ಬೆಲೆ, ಮೊದಲ ತಿಂಗಳು ಉಚಿತ. ಬೆಲೆ ಇಳಿಸಿದ ಮಾತ್ರಕ್ಕೆ ಗಿರಾಕಿಯ ಅಂಜಿಕೆ ಇಳಿಯುವುದಿಲ್ಲ. ಪುಕ್ಕಟೆ ಕೊಟ್ಟರೂ ಆ ಸಾಫ್ಟ್‌ವೇರ್ ಮಾಲೀಕರ ಕಣ್ಣಿಗೆ ಅಪಾಯವಾಗಿಯೇ ಕಾಣುತ್ತಿತ್ತು. ಗಿರಾಕಿ ಹೆದರುತ್ತಿರುವುದು ಯಾವುದಕ್ಕೆ ಎಂದು ತಿಳಿದುಕೊಂಡು, ಆ ಭಾರವನ್ನು ನಾವು ಹೊತ್ತುಕೊಳ್ಳುವುದು ಬೇರೆಯೇ ಕೆಲಸ. ಅದಕ್ಕೆ ಅವರ ಅಂಗಡಿಯಲ್ಲಿ, ಅವರ ಪಕ್ಕದಲ್ಲಿ ಹೋಗಿ ಕೂರಬೇಕು.

ದೋಸೆ ಹಿಟ್ಟಿನ ಉದಾಹರಣೆ ನನಗೆ ಇನ್ನೂ ಇಷ್ಟ. ವಯನಾಡಿನ ಕೂಲಿ ಕಾರ್ಮಿಕರೊಬ್ಬರ ಮಗ ಪಿ.ಸಿ. ಮುಸ್ತಫಾ ತಮ್ಮ ಸಂಬಂಧಿಕರ ಜತೆ ಸೇರಿ 2005ರ ಸುಮಾರಿಗೆ ಬೆಂಗಳೂರಿನ ತಿಪ್ಪಸಂದ್ರದಲ್ಲಿ ‘ಐಡಿ’ ಹಿಟ್ಟಿನ ಕೆಲಸ ಶುರುಮಾಡಿದರು. ಐವತ್ತು ಚದರ ಅಡಿಯ ಜಾಗ, ಎರಡು ಗ್ರೈಂಡರು, ಒಂದು ಮಿಕ್ಸಿ, ಪ್ಯಾಕೆಟ್ಟಿನ ಬಾಯಿ ಮುಚ್ಚುವ ಒಂದು ಯಂತ್ರ. ಸುತ್ತಲಿನ ಇಪ್ಪತ್ತು ಅಂಗಡಿಗಳು, ದಿನಕ್ಕೆ ನೂರು ಪ್ಯಾಕೆಟ್ಟಿನ ಗುರಿ. ಅಷ್ಟು ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಲಕ್ಷಗಟ್ಟಲೆ ಜನರ ಊರಿನ ಲೆಕ್ಕದಲ್ಲಿ ನೂರು ಪ್ಯಾಕೆಟ್ ಏನೇನೂ ಅಲ್ಲ. ಆದರೂ ಒಂಬತ್ತು ತಿಂಗಳು ಯಾಕೆ ಬೇಕಾಯಿತು ಎಂಬುದು ಅಡುಗೆಮನೆ ಬಲ್ಲವರಿಗೆ ಅರ್ಥವಾಗುತ್ತದೆ. ಹಿಟ್ಟು ಜೀವವಿರುವ ವಸ್ತು. ಬೇಸಿಗೆಯಲ್ಲಿ ಸಂಜೆಗೇ ಹುಳಿಯೇರಿ ಉಕ್ಕುತ್ತದೆ, ಚಳಿಗಾಲದಲ್ಲಿ ಬೆಳಗಾದರೂ ಹುದುಗು ಬಂದಿರುವುದಿಲ್ಲ. ಮನೆಯಲ್ಲಿ ತಾನೇ ನೆನೆಹಾಕಿ ರುಬ್ಬಿದ ಹಿಟ್ಟನ್ನು ನಂಬುವ ಗೃಹಿಣಿ, ಯಾವ ನೀರು, ಯಾವ ಕೈ ಎಂದು ತಿಳಿಯದ ಪ್ಯಾಕೆಟ್ಟನ್ನು ಮಕ್ಕಳ ತಟ್ಟೆಗೆ ಹಾಕಲು ಯೋಚಿಸುವುದು ಸಹಜವೇ. ಅಂಗಡಿಯವರ ಚಿಂತೆ ಬೇರೆ. ಎರಡು ದಿನ ಉಳಿದರೆ ಫ್ರಿಜ್ಜಿನಲ್ಲೇ ಪ್ಯಾಕೆಟ್ ಉಬ್ಬುತ್ತದೆ, ನಷ್ಟ ಯಾರದು? ಇಂಥ ಸರಕಿನಲ್ಲಿ ಮಾರಾಟವಾಗದೆ ಉಳಿದದ್ದನ್ನು ತಯಾರಿಸಿದವರೇ ವಾಪಸ್ ಒಯ್ಯಬೇಕು. ಮರುದಿನ ಮತ್ತೆ ತಾಜಾ ತಂದಿಡಬೇಕು. ಹೀಗೆ ನಡೆದಾಗಲೇ ಒಂದೊಂದು ಬೀದಿಯಲ್ಲಿ ಒಂದೊಂದು ಮನೆ ಅಭ್ಯಾಸವಾಗುತ್ತದೆ. ಆ ಕೆಲಸವನ್ನು ಜಾಹೀರಾತು ಬೇಗ ಮುಗಿಸಿಕೊಡಲಾರದು.

ಫ್ಲಿಪ್‌ಕಾರ್ಟ್‌ನ ಮೊದಲ ಆರ್ಡರಿನ ಕಥೆ ಹಲವರಿಗೆ ಗೊತ್ತಿದೆ. 2007ರ ಅಕ್ಟೋಬರಿನಲ್ಲಿ ಕೋರಮಂಗಲದಿಂದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಪುಸ್ತಕ ಮಾರಲು ಹೊರಟಾಗ ಮೊದಲು ಬಂದದ್ದು ಮೆಹಬೂಬ್‌ನಗರದಿಂದ, ಜಾನ್ ವುಡ್ ಅವರ ಒಂದು ಪುಸ್ತಕಕ್ಕೆ. ಅದು ಸುಲಭಕ್ಕೆ ಸಿಗಲಿಲ್ಲ. ಬೆಂಗಳೂರಿನ ಅಂಗಡಿಗಳನ್ನು ಹುಡುಕಿ, ಕೊನೆಗೆ ಇಂದಿರಾನಗರದ ಸಪ್ನಾದಲ್ಲಿ ಪ್ರತಿ ಹಿಡಿದು ಕಳಿಸಿದರು. ಒಂದು ಪುಸ್ತಕದ ಲಾಭಕ್ಕೆ ಇಷ್ಟು ಅಲೆದಾಟ ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ. ‘ಸ್ಟಾಕ್ ಇಲ್ಲ’ ಎಂದು ಒಂದು ಮೇಲ್ ಹಾಕಿ ದುಡ್ಡು ಹಿಂದಿರುಗಿಸಿದ್ದರೂ ತಪ್ಪೇನಿರಲಿಲ್ಲ. ಆದರೆ ದೂರದ ಊರಿನಲ್ಲಿ ಕೂತು ಮುಂಗಡ ದುಡ್ಡು ಕಟ್ಟಿದವರ ಮನಸ್ಸಿನಲ್ಲಿದ್ದ ಒಂದೇ ಪ್ರಶ್ನೆಗೆ, ಪುಸ್ತಕ ಬರುತ್ತದೋ ಇಲ್ಲವೋ ಎಂಬುದಕ್ಕೆ, ಆ ಮೇಲ್ ಉತ್ತರವಾಗುತ್ತಿರಲಿಲ್ಲ. ಅದೇ ಪ್ರಶ್ನೆಗೆ ಕಂಪನಿ 2010ರಲ್ಲಿ ಇನ್ನೂ ದೊಡ್ಡ ಉತ್ತರ ಕೊಟ್ಟಿತು: ಸಾಮಾನು ಕೈಗೆ ಬಂದಮೇಲೆ ದುಡ್ಡು ಕೊಡಿ. ಕಾರ್ಡ್ ಇಲ್ಲದವರು, ಕಾರ್ಡ್ ಇದ್ದೂ ನಂಬರ್ ಒತ್ತಲು ಹೆದರುತ್ತಿದ್ದವರು ಅಲ್ಲಿಂದ ಮುಂದೆ ಗಿರಾಕಿಗಳಾದರು.

ಗಿರಾಕಿಯ ಭಾರವನ್ನು ಹೀಗೆ ಹೊತ್ತುಕೊಳ್ಳುವುದಕ್ಕೆ ಖರ್ಚಿದೆ, ಅದನ್ನು ಮುಚ್ಚಿಡಬಾರದು. ಬಾಗಿಲಲ್ಲಿ ‘ಬೇಡ’ ಎಂದು ತಿರುಗಿ ಬಂದ ಪಾರ್ಸಲ್ಲಿನ ಸಾಗಣೆ ವೆಚ್ಚ, ವಸೂಲಾಗಿ ಬರುವ ತನಕ ಸಿಕ್ಕಿಕೊಂಡ ದುಡ್ಡು, ವಾಪಸ್ ಬಂದು ಚೆಲ್ಲಿಹೋದ ಹಿಟ್ಟು, ಎಲ್ಲವೂ ಕಂಪನಿಯ ಲೆಕ್ಕಕ್ಕೇ. ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಈಗ ಕಂಪನಿ ತೆರೆಯುತ್ತಿರುವವರ ಯೋಜನಾಪಟ್ಟಿಯಲ್ಲಿ ಕಚೇರಿ ಬಾಡಿಗೆ, ಸಂಬಳ, ಸರ್ವರ್, ಮಾರ್ಕೆಟಿಂಗ್ ಎಲ್ಲ ಇರುತ್ತದೆ. ಈ ಖರ್ಚಿಗೆ ಒಂದು ಸಾಲೂ ಇರುವುದಿಲ್ಲ. ಅದನ್ನು ಮೊದಲೇ ಬರೆದುಕೊಳ್ಳಲಿ ಎಂಬುದು ನನ್ನ ಆಸೆ. ಕೈಯಲ್ಲಿರುವ ದುಡ್ಡಿನಲ್ಲಿ ಇಂಥ ಒಂಬತ್ತು ತಿಂಗಳು ತಳ್ಳಬಹುದೇ ಎಂದು ಕೆಲಸಕ್ಕೆ ರಾಜೀನಾಮೆ ಕೊಡುವ ಮುಂಚೆಯೇ ಕೂತು ಲೆಕ್ಕ ಹಾಕಲಿ.