ಭೇರುಂಡನ ಗಳೆ

ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದೇ ತಲೆ ಹಣ್ಣಾದವನು ನಾನು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಬದುಗಳ ಮೇಲೆ ಚಪ್ಪಲಿ ಸವೆಸಿದ್ದೇನೆ. ಸರಪಳಿಗೆ 33 ಅಡಿ, 16 ಆಣೆ. ಉದ್ದಕ್ಕೊಂದು, ಅಗಲಕ್ಕೊಂದು ಸರಪಳಿ ಬಿದ್ದರೆ ಗುಂಟೆ. ಅಂಥವು 40 ಸೇರಿದರೆ ಎಕರೆ. ಬಳ್ಳಿಗಾವಿಯ ಕಂಬದ ಕಥೆ ತಿಳಿಯುವವರೆಗೂ ಇದಕ್ಕಿಂತ ದೊಡ್ಡ ಶಾಸ್ತ್ರ ನನಗೆ ಬೇಕೆನಿಸಿರಲಿಲ್ಲ.

ಬನವಾಸಿ ಹನ್ನೆರಡು ಸಾವಿರವನ್ನು ನೋಡಿಕೊಳ್ಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಕಂಬ ಅದು. ಮೇಲೆ ಗಂಡಭೇರುಂಡ: ಮೈ ಮನುಷ್ಯನದು, ತಲೆ ಮಾತ್ರ ಎರಡು ಹಕ್ಕಿಯವು. ಜನ ಭೇರುಂಡೇಶ್ವರ ಎಂದು ಕೈಮುಗಿಯುತ್ತಾರೆ. ಆ ಕಂಬದ ಉದ್ದದ ಕೋಲು ಹಿಡಿದು ಹಿಂದೆ ಹೊಲ ಅಳೆಯುತ್ತಿದ್ದರಂತೆ. ಅದಕ್ಕೆ ಭೇರುಂಡ ಗಳೆ ಎಂದೇ ಹೆಸರು. ದೇವರೇ ಅಳತೆಗೋಲು! ಇದನ್ನು ಓದಿದ ದಿನ ಹೊರಗೆ ಗೂಟಕ್ಕೆ ನೇತುಹಾಕಿದ್ದ ಸರಪಳಿಯನ್ನು ತಂದು ಒಳಗಿಟ್ಟೆ. ಹೆಂಡತಿ ನಕ್ಕಳು.

ಜೋಡಿತಲೆಯ ಹಕ್ಕಿ ಒಂದು ಕಡೆ ಕೂರುವಂಥದ್ದಲ್ಲ. ವಿಜಯನಗರದ ಅಚ್ಯುತರಾಯನ ನಾಣ್ಯದ ಮೇಲೆ ಕೂತಿತು, ಮೈಸೂರು ಒಡೆಯರ ಲಾಂಛನವಾಯಿತು, ಈಗ ಸರ್ಕಾರಿ ಕಾಗದದ ನೆತ್ತಿಯಲ್ಲಿದೆ. ಆದರೆ ಮೆಮೋ ಕೈಗೆ ಬಂದಾಗ ಹಕ್ಕಿಗೆ ಕೈಮುಗಿದ ನೌಕರನನ್ನು ನಾನು ಕಂಡಿಲ್ಲ.

ಪಕ್ಕದ ತಾಳಗುಂದದ್ದೂ ಇದೇ ಪಾಡು. ಕಂಚಿಗೆ ಓದಲು ಹೋಗಿ, ಪಲ್ಲವರ ಕುದುರೆಯಾಳಿನ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಮಯೂರಶರ್ಮನ ಕಥೆ ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಸಂಸ್ಕೃತದಲ್ಲಿದೆ. ನಮ್ಮಂಥವರಿಗೆ ಅದು ಅರ್ಥವಾಗಿದ್ದು 1975ರಲ್ಲಿ, ಟಾಕೀಸಿನ ಕತ್ತಲಲ್ಲಿ, ಮಯೂರನಾದ ರಾಜಕುಮಾರ್ ಮುಖ ನೋಡಿ. ಇನ್ನು ಪ್ರವಾಸೋದ್ಯಮ ನಿಗಮದ ಹೋಟೆಲುಗಳ ಬೋರ್ಡಿನ ಮೇಲಿರುವ ಮಯೂರ ರಾಜನೋ ನವಿಲೋ, ರೂಮು ಕೇಳಲು ಬಂದವರಿಗೆ ಅದು ಬೇಕಿಲ್ಲ.

ನನ್ನ ತಕರಾರು ಅದಲ್ಲ. ಕುರುಹು ದೇವರಾಗುವುದು ಯಾವಾಗ, ದೇವರು ಬರೀ ಕುರುಹಾಗಿ ಉಳಿಯುವುದು ಯಾವಾಗ? ಕಂಬ ನಿಂತ ಮರುಶತಮಾನದಲ್ಲಿ ಅದೇ ಬಳ್ಳಿಗಾವಿಯಲ್ಲಿ ಮದ್ದಳೆ ಬಾರಿಸುತ್ತಿದ್ದ ಅಲ್ಲಮ ಕುರುಹು ಹಿಡಿದು ಕೂತವರನ್ನೆಲ್ಲ ಕೆಣಕಿದ, ಬಯಲು ಎಂದ. ಸರ್ವೆಯವನಿಗೆ ಬಯಲೆಂದರೆ ಅಳೆಯಬೇಕಾದ ಜಾಗ. ಅಲ್ಲಮನಿಗೆ ಅಳತೆಗೆ ಸಿಗದ್ದು. ಈ ಎರಡು ಬಯಲಿನ ನಡುವೆ ನಾನು ಒಮ್ಮೆ ಸಿಕ್ಕಿಕೊಂಡಿದ್ದೆ.

ಸೊರಬದ ಕಡೆಯ ಒಂದು ಹಳ್ಳಿಗೆ, ಅಣ್ಣತಮ್ಮಂದಿರಿಬ್ಬರ ಹೊಲದ ಹದ್ದುಬಸ್ತಿಗೆ ಹೋಗಿದ್ದೆ. ಭೂಮಿ ಹುಣ್ಣಿಮೆಯ ಮಾರನೆಯ ದಿನ. ಬದುವಿನ ಕಲ್ಲಿಗೆ ಅರಿಸಿನ ಕುಂಕುಮ, ಬುಡದಲ್ಲಿ ಚೆಂಡುಹೂವು, ಇರುವೆ ಮುತ್ತಿದ ಕಡುಬಿನ ಚೂರು. ಜಗಲಿಯ ಮೇಲೆ, ಹೊಲಕ್ಕೆ ಎಡೆ ಹೊತ್ತು ಬರಿದಾದ ಭೂಮಣ್ಣಿ ಬುಟ್ಟಿ. ಅದಕ್ಕೆ ಬಳಿದ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು, ನನ್ನ ನಕ್ಷೆಯ ಗೆರೆಗಿಂತ ನೆಟ್ಟಗಿದ್ದವು. ಟಿಪ್ಪಣಿಯ ಪ್ರಕಾರ ಕಲ್ಲು ಒಂದಾಣೆ, ಅಂದರೆ ಎರಡಡಿ ಚಿಲ್ಲರೆ, ಈಚೆಗೆ ಬಂದಿತ್ತು. ಕೀಳಬೇಕು ಎಂದೆ.

"ದೇವ್ರನ್ನ ಜರುಗಿಸ್ತೀಯೇನೋ ತಮಾ?" ಅಂದರು ಆ ಮನೆಯ ಅಜ್ಜಿ.

"ದೇವರಲ್ಲ ಅಮ್ಮಾ, ಗಡಿಕಲ್ಲು."

"ನಿನ್ನೆ ಎಡೆ ಇಟ್ಟಿದೀನಲ್ಲ."

ಇದಕ್ಕೆ ಕಂದಾಯ ಕಾಯ್ದೆಯಲ್ಲಿ ಉತ್ತರವಿಲ್ಲ. ಅಣ್ಣತಮ್ಮಂದಿರು ಇಬ್ಬರೂ ನೆಲ ನೋಡಿದರು. ಕೊನೆಗೆ ಅಜ್ಜಿಯೇ ತಂಬಿಗೆಯಲ್ಲಿ ನೀರು ತಂದು, ಕಲ್ಲಿನ ನೆತ್ತಿಗೆ ಹೊಯ್ದು, "ಕೀಳ್ರಿ" ಎಂದರು.

ಹಾರೆ ಹಾಕಿ ಎಬ್ಬಿಸಿ ಆಚೆ ನೆಟ್ಟೆವು. ಹೊಸ ಜಾಗದಲ್ಲಿ ನಿಂತ ಕಲ್ಲಿಗೆ ಅಜ್ಜಿ ಕುಂಕುಮ ಇಟ್ಟರು. ಆಮೇಲೆ ಹಿಂದಕ್ಕೆ ಬಂದು, ಕಲ್ಲು ಕಿತ್ತ ಗುಂಡಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಅದರೊಳಗೂ ಒಂದು ಚಿಟಿಕೆ ಹಾಕಿದರು. ನಾನು ಮಹಜರು ಬರೆಯುತ್ತಿದ್ದೆ. ಕಲ್ಲಿನ ವಿಷಯ ಬರೆದೆ, ಸಾಕ್ಷಿಗಳ ಸಹಿ ಹಾಕಿಸಿದೆ. ಗುಂಡಿಯ ವಿಷಯ ಬರೆಯಲಿಲ್ಲ.